ಅಗ್ಗದ ಎಚ್‌ಡಿ ಡಿವಿಡಿ ಸೋತು, ದುಬಾರಿ ಬ್ಲೂ-ರೇ ಉಳಿದದ್ದು ಹೇಗೆ?

ಪ್ರಶ್ನೆ: ಅಮೆರಿಕದಲ್ಲಿದ್ದ ನಮ್ಮ ಭಾವನವರು 2007ರ ನವೆಂಬರ್‌ನಲ್ಲಿ ನೂರು ಡಾಲರಿಗೂ ಕಡಿಮೆ ಬೆಲೆಗೆ ತೋಷಿಬಾದ ಎಚ್‌ಡಿ ಡಿವಿಡಿ ಪ್ಲೇಯರ್ ಕೊಂಡರು. ಮೂರೇ ತಿಂಗಳಲ್ಲಿ ಆ ಮಾದರಿಯೇ ನಿಂತುಹೋಯಿತು. ಊರಿಗೆ ಮರಳುವಾಗ ಅದನ್ನೂ ಮೂವತ್ತು-ಮೂವತ್ತೈದು ಡಿಸ್ಕ್‌ಗಳನ್ನೂ ತಂದರು. ಈಗ ಅವೆಲ್ಲ ನಮ್ಮ ಅಟ್ಟದ ಮೇಲಿವೆ. ಅಗ್ಗವಾಗಿದ್ದು, ಚಿತ್ರದಲ್ಲಿ ಕೊರತೆಯೂ ಕಾಣದ ಈ ಡಿಸ್ಕ್ ಬ್ಲೂ-ರೇ ಎದುರು ಸೋತದ್ದೇಕೆ? ವಿಎಚ್‌ಎಸ್ ವಿಡಿಯೊ ಕ್ಯಾಸೆಟ್ಟಿನ ಎದುರು ಸೋತ ಸೋನಿಯ ಬೀಟಾಮ್ಯಾಕ್ಸಿನ ಹಾಗೆ ಇಲ್ಲಿಯೂ ಒಳ್ಳೆಯದೇ ಸೋತಿತೆ? ಹೊಸ ತಂತ್ರಜ್ಞಾನವನ್ನು ಯಾವ ಹಂತದಲ್ಲಿ ಕೊಂಡರೆ ಕೈ ಸುಟ್ಟುಕೊಳ್ಳದೆ ಇರಬಹುದು? ಅಟ್ಟದ ಮೇಲಿನ ಸರಕಿನಿಂದ ಇನ್ನೇನಾದರೂ ಉಪಯೋಗವಿದೆಯೆ?

ಉತ್ತರ: ನಿಮ್ಮ ಭಾವನವರು ಕೊಂಡದ್ದು ಕಳಪೆ ವಸ್ತುವಲ್ಲ ಎಂಬುದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಡಿವಿಡಿಯ ಜಾಗಕ್ಕೆ ಹೆಚ್ಚು ಸೂಕ್ಷ್ಮವಾದ ಚಿತ್ರದೊಂದಿಗೆ ಬಂದ ಈ ಎರಡೂ ಡಿಸ್ಕ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿ ಎಚ್‌ಡಿ ಡಿವಿಡಿ ಬೇಡವೆಂದು ತೀರ್ಮಾನಿಸಿದ ಗ್ರಾಹಕರು ಬಹಳ ಕಡಿಮೆ. ಹೆಚ್ಚಿನ ಜನ ಅಂಗಡಿಗೆ ಬರುವ ಮೊದಲೇ ಪಂದ್ಯ ಮುಗಿದುಹೋಗಿತ್ತು. 2006 ಮತ್ತು 2007ರಲ್ಲಿ ಬಹುಪಾಲು ಮನೆಗಳು ‘ಯಾವುದಾದರೂ ಒಂದು ಉಳಿಯಲಿ, ಆಮೇಲೆ ನೋಡೋಣ’ ಎಂದು ಕಾದು ಕುಳಿತಿದ್ದವು; ಹಾಗೆ ಅವು ಕಾಯುತ್ತಿದ್ದಷ್ಟು ದಿನವೂ ಎಚ್‌ಡಿ ಡಿವಿಡಿಯ ತೋಷಿಬಾ ಗುಂಪು, ಬ್ಲೂ-ರೇಯ ಸೋನಿ ಗುಂಪು ಇವೆರಡರಲ್ಲಿ ನಷ್ಟವನ್ನು ಹೊತ್ತು ನಿಲ್ಲುವ ಶಕ್ತಿ ಯಾವುದಕ್ಕೆ ಹೆಚ್ಚಿತ್ತೋ ಅದು ಉಳಿಯಿತು. ಈ ಮಾತನ್ನು ವಿವರಿಸಲು ಸ್ವಲ್ಪ ಭೌತಶಾಸ್ತ್ರ, ಸ್ವಲ್ಪ ವ್ಯಾಪಾರ, ಸ್ವಲ್ಪ ಹಳೆಯ ಇತಿಹಾಸ ಮೂರೂ ಬೇಕಾಗುತ್ತವೆ.

ಡಿಸ್ಕ್‌ನಲ್ಲಿ ಎಷ್ಟು ಮಾಹಿತಿ ಹಿಡಿಸುತ್ತದೆಂಬುದು ಲೇಸರ್ ಕಿರಣವನ್ನು ಎಷ್ಟು ಸಣ್ಣ ಚುಕ್ಕೆಯಾಗಿ ಕೂಡಿಸಬಹುದು ಎಂಬುದನ್ನು ಅವಲಂಬಿಸಿದೆ. ಬೆಳಕಿನ ತರಂಗಾಂತರ ಕಡಿಮೆಯಾದಷ್ಟೂ, ಮಸೂರ ಬೆಳಕನ್ನು ಬಾಗಿಸಿ ಕೂಡಿಸುವ ಕೋನ ಹೆಚ್ಚಾದಷ್ಟೂ ಚುಕ್ಕೆ ಸಣ್ಣದಾಗುತ್ತದೆ. ಡಿವಿಡಿಯದು 650 ನ್ಯಾನೋಮೀಟರಿನ ಕೆಂಪು ಲೇಸರ್. ಜಪಾನಿನ ನಿಚಿಯಾ ಸಂಸ್ಥೆಯಲ್ಲಿ ಶೂಜಿ ನಕಮುರಾ 1990ರ ದಶಕದಲ್ಲಿ ನೀಲಿ ಬೆಳಕಿನ ಎಲ್‌ಇಡಿಯನ್ನೂ ಅನಂತರ ನೀಲಿ-ನೇರಳೆ ಲೇಸರನ್ನೂ ಸಾಧ್ಯವಾಗಿಸಿದ ಮೇಲೆ 405 ನ್ಯಾನೋಮೀಟರಿನ ಲೇಸರ್ ಡಿಸ್ಕ್ ಕಂಪನಿಗಳ ಕೈಗೆ ಸಿಕ್ಕಿತು. ಎರಡೂ ಗುಂಪುಗಳು ಬಳಸಿದ್ದು ಈ ಒಂದೇ ಲೇಸರನ್ನು. ಬೇರೆಯಾದದ್ದು ಮಸೂರದ ವಿಷಯದಲ್ಲಿ. ಮಸೂರದ ಈ ಶಕ್ತಿಯನ್ನು ಅಳೆಯುವ ಸಂಖ್ಯೆ ಡಿವಿಡಿಯಲ್ಲಿ 0.60, ಎಚ್‌ಡಿ ಡಿವಿಡಿಯಲ್ಲಿ 0.65, ಬ್ಲೂ-ರೇಯಲ್ಲಿ 0.85. ಚುಕ್ಕೆಯ ವಿಸ್ತೀರ್ಣ ಈ ಸಂಖ್ಯೆಯ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದರಿಂದ, 0.85ನ್ನು 0.65ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 1.7 ಬರುತ್ತದೆ. ಎಚ್‌ಡಿ ಡಿವಿಡಿಯ ಒಂದು ಪದರದಲ್ಲಿ 15 ಜಿಬಿ, ಬ್ಲೂ-ರೇಯ ಒಂದು ಪದರದಲ್ಲಿ 25 ಜಿಬಿ ಎಂಬ ವ್ಯತ್ಯಾಸದ ಮೂಲ ಹೆಚ್ಚುಕಡಿಮೆ ಈ ಒಂದು ಗುಣಾಕಾರದಲ್ಲಿದೆ.

ಆದರೆ ಮಸೂರವನ್ನು ಅಷ್ಟು ಚುರುಕು ಮಾಡಿದರೆ ಇನ್ನೊಂದು ತೊಂದರೆ ಬರುತ್ತದೆ. ತಿರುಗುವ ಡಿಸ್ಕ್ ಎಳ್ಳಷ್ಟು ಓರೆಯಾದರೂ ಚುಕ್ಕೆ ಕದಡುತ್ತದೆ. ಈ ದೋಷ ಮಸೂರದ ಸಂಖ್ಯೆಯ ಘನದೊಂದಿಗೂ ಮೇಲಿನ ಪಾರದರ್ಶಕ ಪದರದ ದಪ್ಪದೊಂದಿಗೂ ಏರುತ್ತದೆ. ಆದ್ದರಿಂದ ಬ್ಲೂ-ರೇ ತಯಾರಕರು ಡಿವಿಡಿಯ 0.6 ಮಿಲಿಮೀಟರ್ ಪದರವನ್ನು ಕೈಬಿಟ್ಟು, ಮಾಹಿತಿಯನ್ನು ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಆಳದಲ್ಲಿ ಇಟ್ಟರು. ಉಗುರು ತಾಗಿದರೂ ಗೀರು ಬೀಳುವಷ್ಟು ಹತ್ತಿರ ಅದು. 2003ರ ಏಪ್ರಿಲ್‌ನಲ್ಲಿ ಸೋನಿ ಜಪಾನಿನಲ್ಲಿ ಮಾರಿದ ಮೊದಲ ಬ್ಲೂ-ರೇ ರೆಕಾರ್ಡರಿನ ಡಿಸ್ಕ್‌ಗಳು ಪ್ಲಾಸ್ಟಿಕ್ ಕವಚದ ಒಳಗೇ ಇರುತ್ತಿದ್ದವು; ಟಿಡಿಕೆ ಸಂಸ್ಥೆಯ ಗಟ್ಟಿ ಲೇಪನ ಬಂದ ಮೇಲೆ ಆ ಕವಚ ಬೇಡವಾಯಿತು. ತೋಷಿಬಾ ಮತ್ತು ಎನ್‌ಇಸಿ ರೂಪಿಸಿದ ಎಚ್‌ಡಿ ಡಿವಿಡಿಯದು ಇದಕ್ಕೆ ವ್ಯತಿರಿಕ್ತವಾದ, ಹಳೆಯ ಬೀಗಕ್ಕೆ ಹೊಸ ಕೀಲಿ ಮಾಡಿಸುವಂಥ ದಾರಿ. 0.6 ಮಿಲಿಮೀಟರಿನ ಎರಡು ಹಾಳೆಗಳನ್ನು ಬೆನ್ನಿಗೆ ಬೆನ್ನು ಅಂಟಿಸುವ ಡಿವಿಡಿ ಕಾರ್ಖಾನೆಯ ಯಂತ್ರಗಳನ್ನೇ ಅಲ್ಪಸ್ವಲ್ಪ ತಿದ್ದಿ ಅದನ್ನು ತಯಾರಿಸಬಹುದಾಗಿತ್ತು. ನೀವು ಹೇಳುವ ಅಗ್ಗತನದ ಬೇರು ಇಲ್ಲಿದೆ.

ನೋಡುವವನ ಕಣ್ಣಿಗೆ ಎರಡೂ ಒಂದೇ. 1920×1080 ಚುಕ್ಕಿಗಳ ಅದೇ ಚಿತ್ರವನ್ನು ಎರಡೂ ಒಂದೇ ಬಗೆಯ ಸಂಕುಚನ ವಿಧಾನಗಳಿಂದ ಕೊಡುತ್ತಿದ್ದವು. ನಿಜ ಹೇಳಬೇಕೆಂದರೆ ಮೊದಲ ವರ್ಷ ಎಚ್‌ಡಿ ಡಿವಿಡಿಯೇ ಹೆಚ್ಚು ಸಿದ್ಧವಾಗಿತ್ತು. ಬ್ಲೂ-ರೇಯ ಆರಂಭದ ಹಲವು ಚಿತ್ರಗಳನ್ನು ಹಳೆಯ ಎಂಪೆಗ್-2 ವಿಧಾನದಲ್ಲಿ ಒಂದೇ ಪದರದ ಡಿಸ್ಕ್‌ಗೆ ತುರುಕಿದ್ದರಿಂದ ಅವು ಎದುರಾಳಿಯ ಚಿತ್ರಕ್ಕಿಂತ ಮಂಕಾಗಿ ಕಂಡವು. ಎಚ್‌ಡಿ ಡಿವಿಡಿಯ ಪ್ರತಿ ಪ್ಲೇಯರಿನಲ್ಲೂ ಇಂಟರ್ನೆಟ್ ಸಂಪರ್ಕಕ್ಕೆ ಜಾಗ ಇರಲೇಬೇಕೆಂಬುದು ಮೊದಲ ದಿನದಿಂದಲೇ ನಿಯಮವಾಗಿತ್ತು. ಬ್ಲೂ-ರೇಯಲ್ಲಿ ಆ ಸೌಲಭ್ಯ ಕಂತುಕಂತಾಗಿ ಬಂದು, ಮೊದಲ ಪ್ಲೇಯರ್ ಕೊಂಡವರು ಎರಡೇ ವರ್ಷದಲ್ಲಿ ಹಿಂದೆ ಬಿದ್ದರು. ಒಂದು ವಲಯದ ದೇಶಗಳಲ್ಲಿ ಮಾರಿದ ಡಿಸ್ಕ್ ಇನ್ನೊಂದು ವಲಯದ ಪ್ಲೇಯರಿನಲ್ಲಿ ಓಡದಂತೆ ತಡೆಯುವ ಬೀಗ ಬ್ಲೂ-ರೇಗೆ ಇತ್ತು, ಎಚ್‌ಡಿ ಡಿವಿಡಿಗೆ ಇರಲಿಲ್ಲ. ಬೆಲೆಯಂತೂ ಬಿಡಿ: 2006ರ ಏಪ್ರಿಲ್‌ನಲ್ಲಿ ಅಮೆರಿಕಕ್ಕೆ ಬಂದ ತೋಷಿಬಾದ ಮೊದಲ ಪ್ಲೇಯರ್ 499 ಡಾಲರ್, ಜೂನ್‌ನಲ್ಲಿ ಬಂದ ಸ್ಯಾಮ್‌ಸಂಗ್‌ನ ಮೊದಲ ಬ್ಲೂ-ರೇ ಪ್ಲೇಯರ್ 999 ಡಾಲರ್. ಗ್ರಾಹಕನ ತಕ್ಕಡಿಯಲ್ಲಿ ತೂಗಿದ್ದರೆ ನಿಮ್ಮ ಭಾವನವರ ಪೆಟ್ಟಿಗೆಯೇ ಗೆಲ್ಲಬೇಕಿತ್ತು.

ಆದರೆ ಗ್ರಾಹಕರಲ್ಲಿ ಹೆಚ್ಚಿನವರು ತಕ್ಕಡಿ ಹಿಡಿಯಲೇ ಇಲ್ಲ. ಪ್ಲೇಯರ್ ಎಂಬುದು ಫ್ಯಾನು-ಮಿಕ್ಸಿಗಳಂತೆ ತಾನೊಂದೇ ಕೆಲಸ ಮಾಡುವ ವಸ್ತುವಲ್ಲ. ಅದಕ್ಕೆ ಮುಂದೆ ಹತ್ತು ವರ್ಷ ಡಿಸ್ಕ್‌ಗಳು ಬರುತ್ತಿರಬೇಕು. ಡಿಸ್ಕ್ ಬರಬೇಕಾದರೆ ಸಾಕಷ್ಟು ಮನೆಗಳಲ್ಲಿ ಪ್ಲೇಯರ್ ಇರಬೇಕು. ಒಂದೇ ಮಾದರಿ ಇದ್ದಾಗಲೂ ಈ ಗಂಟು ಬಿಡಿಸುವುದು ಕಷ್ಟ; ಎರಡಿದ್ದರೆ, ತಪ್ಪಾದದ್ದನ್ನು ಕೊಂಡವನ ಪ್ಲೇಯರ್ ಮಾತ್ರವಲ್ಲ, ಒಂದೊಂದಾಗಿ ಕೂಡಿಸಿದ ಚಿತ್ರಗಳೂ ಹಾಳು. ಇಂಥ ಕಡೆ ಕಾಯುವುದು ಸೋಮಾರಿತನವೂ ಅಲ್ಲ, ಹೊಸತರ ಭಯವೂ ಅಲ್ಲ. ಲೆಕ್ಕ ಬಲ್ಲವನು ಮಾಡುವ ಕೆಲಸ. ಎಲ್‌ಜಿ 2007ರ ಆರಂಭದಲ್ಲಿ ಎರಡನ್ನೂ ಓಡಿಸುವ ಪ್ಲೇಯರ್ ತಂದು ಈ ಭಯಕ್ಕೆ ಮದ್ದು ಕೊಡಲು ನೋಡಿತು, ಬೆಲೆ ಮಾತ್ರ 1,199 ಡಾಲರ್. ಅಷ್ಟು ಹಣಕ್ಕೆ ಎರಡು ಬೇರೆ ಪ್ಲೇಯರ್‌ಗಳೇ ಬರುತ್ತಿದ್ದವು.

ಹೊಸತನ್ನು ಜನ ಯಾವಾಗ, ಹೇಗೆ ಒಪ್ಪಿಕೊಳ್ಳುತ್ತಾರೆಂಬ ಅಧ್ಯಯನ ಹುಟ್ಟಿದ್ದು ಹೊಲದಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಅಮೆರಿಕದ ಅಯೋವಾ ರಾಜ್ಯದ ಎರಡು ಹಳ್ಳಿಗಾಡುಗಳಲ್ಲಿ 259 ರೈತರು ಹೈಬ್ರಿಡ್ ಮೆಕ್ಕೆಜೋಳದ ಬೀಜಕ್ಕೆ ಹೇಗೆ ಬದಲಾದರೆಂದು ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ವಿಚಾರಿಸಿ 1943ರಲ್ಲಿ ಪ್ರಕಟಿಸಿದರು. ಕೊನೆಗೆ ಇಬ್ಬರನ್ನು ಬಿಟ್ಟು ಎಲ್ಲರೂ ಹೊಸ ಬೀಜಕ್ಕೆ ಬಂದಿದ್ದರು. ಆದರೆ ಬೀಜದ ವಿಷಯ ಕೇಳಿದ ತಕ್ಷಣ ಹೆಚ್ಚಿನವರು ಇಡೀ ಹೊಲಕ್ಕೆ ಅದನ್ನು ಬಿತ್ತಲಿಲ್ಲ. ಒಂದು ಮೂಲೆಯಲ್ಲಿ ಹಾಕಿ, ಬೆಳೆ ನೋಡಿ, ಮರುವರ್ಷ ಇನ್ನಷ್ಟಕ್ಕೆ ವಿಸ್ತರಿಸಿದರು. ನಮ್ಮ ರೈತರಿಗೂ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅದೇ ಅಯೋವಾದಲ್ಲಿ ಓದಿದ ಸಮಾಜಶಾಸ್ತ್ರಜ್ಞ ಎವರೆಟ್ ರೋಜರ್ಸ್ 1962ರಲ್ಲಿ ಈ ವಿಚಾರವನ್ನು ಬೆಳೆಸಿ, ಹೊಸತನ್ನು ಜನ ಒಪ್ಪುವ ವೇಗ ಯಾವುದರ ಮೇಲೆ ನಿಲ್ಲುತ್ತದೆಂದು ಐದು ಗುಣಗಳನ್ನು ಎಣಿಸಿದರು: ಹಳೆಯದಕ್ಕಿಂತ ಅದು ಎಷ್ಟು ಮೇಲು, ಇರುವ ಬದುಕಿಗೆ ಎಷ್ಟು ಹೊಂದುತ್ತದೆ, ಎಷ್ಟು ಸರಳ, ಸ್ವಲ್ಪವೇ ಪ್ರಯೋಗಿಸಿ ನೋಡಬಹುದೆ, ಅದರ ಫಲ ನೆರೆಯವರ ಕಣ್ಣಿಗೆ ಬೀಳುತ್ತದೆಯೆ. ನಮ್ಮ ಡಿಸ್ಕ್‌ಗಳ ಕಥೆಯಲ್ಲಿ ನಾಲ್ಕನೆಯ ಗುಣವೇ ಮುಖ್ಯವೆಂದು ನನ್ನ ಅಭಿಪ್ರಾಯ. ಪ್ಲೇಯರನ್ನು ಕಾಲುಭಾಗ ಕೊಳ್ಳಲಾಗುವುದಿಲ್ಲ; ಹೊಲದ ಮೂಲೆ ಎಂಬುದೇ ಇಲ್ಲಿಲ್ಲ.

ಆ ಮೂಲೆಯನ್ನು ಸೋನಿ ಬೇರೆ ಬಾಗಿಲಿನಿಂದ ಒದಗಿಸಿತು. 2006ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 3 ಎಂಬ ಆಟದ ಯಂತ್ರದ ಪ್ರತಿಯೊಂದರ ಒಳಗೂ ಬ್ಲೂ-ರೇ ಡ್ರೈವ್ ಇತ್ತು. ಕೊಂಡವರು ಕೊಂಡದ್ದು ಆಟಕ್ಕಾಗಿ. ಬ್ಲೂ-ರೇ ಸೋತರೂ ಅವರ ಆಟ ನಿಲ್ಲುತ್ತಿರಲಿಲ್ಲ. ಹೀಗೆ ಪ್ಲೇಯರ್ ಬೇಕೆಂದು ಒಮ್ಮೆಯೂ ಯೋಚಿಸದ ಮನೆಗಳಿಗೆ ಪ್ಲೇಯರ್ ಹೋಗಿ ಕುಳಿತಿತು. ಇದಕ್ಕೆ ಸೋನಿ ತೆತ್ತ ಬೆಲೆ ಸಣ್ಣದಲ್ಲ. 499 ಡಾಲರಿಗೆ ಮಾರುತ್ತಿದ್ದ ಯಂತ್ರವನ್ನು ಬಿಚ್ಚಿ ಲೆಕ್ಕ ಹಾಕಿದ ಐಸಪ್ಲೈ ಎಂಬ ಸಂಸ್ಥೆ, ಅದರ ತಯಾರಿಕೆಗೇ ಸುಮಾರು 800 ಡಾಲರ್ ತಗಲುತ್ತದೆಂದು ಅಂದಾಜಿಸಿತು. 2007ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಸೋನಿಯ ಆಟದ ವಿಭಾಗ 23,000 ಕೋಟಿ ಯೆನ್‌ಗೂ ಹೆಚ್ಚು ನಷ್ಟ ತೋರಿಸಿತು. ತೋಷಿಬಾ ಕೂಡ ತನ್ನ ಮೊದಲ ಪ್ಲೇಯರನ್ನು ಬಿಡಿಭಾಗಗಳ ಬೆಲೆಗಿಂತ ಕಡಿಮೆಗೇ ಮಾರುತ್ತಿತ್ತು. ಆದರೆ ಅದರ ಜೊತೆಗಾರ ಮೈಕ್ರೋಸಾಫ್ಟ್ ತನ್ನ ಆಟದ ಯಂತ್ರ ಎಕ್ಸ್‌ಬಾಕ್ಸ್ 360ರ ಒಳಗೆ ಎಚ್‌ಡಿ ಡಿವಿಡಿಯನ್ನು ಇಡದೆ, 199 ಡಾಲರಿನ ಬೇರೆ ಪೆಟ್ಟಿಗೆಯಾಗಿ ಮಾರಿತು. ಬೇರೆಯಾಗಿ ಕೊಳ್ಳಬೇಕೆಂದರೆ ಮತ್ತೆ ಗ್ರಾಹಕನೇ ತೀರ್ಮಾನಿಸಬೇಕು, ತೀರ್ಮಾನಿಸಬೇಕೆಂದರೆ ಆತ ಮತ್ತೆ ಕಾಯುತ್ತಾನೆ. 2008ರ ಆರಂಭಕ್ಕೆ ಪ್ಲೇಸ್ಟೇಷನ್ 3 ಜಗತ್ತಿನಲ್ಲಿ ಒಂದು ಕೋಟಿ ದಾಟಿತ್ತು; ಎಲ್ಲ ಬಗೆಯ ಎಚ್‌ಡಿ ಡಿವಿಡಿ ಯಂತ್ರಗಳು ಕೂಡಿ ಹತ್ತು ಲಕ್ಷದ ಆಸುಪಾಸಿನಲ್ಲಿದ್ದವು.

ಇನ್ನು ಡಿಸ್ಕ್‌ಗಳಿಗೆ ಚಿತ್ರ ಒದಗಿಸುವ ಸ್ಟುಡಿಯೊಗಳ ವಿಷಯ. ಬೀಟಾಮ್ಯಾಕ್ಸ್ ಸೋತಾಗ ಸೋನಿಯ ಕೈಯಲ್ಲಿ ಒಂದು ಚಿತ್ರವೂ ಇರಲಿಲ್ಲ. 1989ರಲ್ಲಿ ಅದು ಕೊಲಂಬಿಯಾ ಸ್ಟುಡಿಯೊವನ್ನೇ ಕೊಂಡುಕೊಂಡಿತು. ಡಿಸ್ನಿ ಮತ್ತು ಫಾಕ್ಸ್ ಕೂಡ ಬ್ಲೂ-ರೇ ಕಡೆ ನಿಂತವು. ಬ್ಲೂ-ರೇಯಲ್ಲಿದ್ದ, ನಕಲು ತಡೆಯುವ ಹೆಚ್ಚುವರಿ ಬೀಗ ಫಾಕ್ಸ್‌ಗೆ ಮೆಚ್ಚುಗೆಯಾಗಿತ್ತು. ಎಚ್‌ಡಿ ಡಿವಿಡಿಗೆ ಮಾತ್ರವೆಂದು ಇದ್ದ ದೊಡ್ಡ ಸ್ಟುಡಿಯೊ ಯೂನಿವರ್ಸಲ್ ಒಂದೇ. 2007ರ ಆಗಸ್ಟ್‌ನಲ್ಲಿ ಪ್ಯಾರಾಮೌಂಟ್ ಮತ್ತು ಡ್ರೀಮ್‌ವರ್ಕ್ಸ್ ಆ್ಯನಿಮೇಷನ್ ಬ್ಲೂ-ರೇ ಬಿಟ್ಟು ಎಚ್‌ಡಿ ಡಿವಿಡಿಗೆ ಬಂದಾಗ, ಅದಕ್ಕೆ 15 ಕೋಟಿ ಡಾಲರ್‌ನಷ್ಟು ಪ್ರೋತ್ಸಾಹ ಸಂದಿತೆಂದು ಅಮೆರಿಕದ ಪತ್ರಿಕೆಗಳು ಬರೆದವು. ನವೆಂಬರ್‌ನ ಆರಂಭದಲ್ಲಿ ವಾಲ್‌ಮಾರ್ಟ್ ತೋಷಿಬಾದ ಎಚ್‌ಡಿ-ಎ2 ಮಾದರಿಯನ್ನು 98 ಡಾಲರ್ 87 ಸೆಂಟ್‌ಗೆ ಮಾರಿತು. ನಿಮ್ಮ ಭಾವನವರ ಪೆಟ್ಟಿಗೆ ಬಹುಶಃ ಆ ದಿನಗಳದ್ದೇ. ಈ ಇಳಿಕೆಯನ್ನು ಹಲವರು ಗೆಲುವಿನ ಓಟವೆಂದು ಓದಿದರು. ಒಂದೂವರೆ ವರ್ಷದಲ್ಲಿ ಐದನೆಯ ಒಂದು ಭಾಗಕ್ಕೆ ಬೆಲೆ ಇಳಿಸಿದ ಮೇಲೂ ಜನ ನುಗ್ಗಿ ಬರದಿದ್ದರೆ, ಅಡ್ಡಿ ಬೆಲೆಯಲ್ಲಿಲ್ಲ ಎಂದು ಓದಬೇಕಿತ್ತು.

ಕೊನೆಯ ಏಟು ವಾರ್ನರ್‌ನದು. ಡಿವಿಡಿಯ ಪೇಟೆಂಟುಗಳಲ್ಲಿ ತೋಷಿಬಾದ ಜೊತೆ ಪಾಲು ಹೊಂದಿದ್ದ, ಮನೆಯಲ್ಲಿ ನೋಡುವ ಚಿತ್ರಗಳ ಮಾರಾಟದಲ್ಲಿ ಎಲ್ಲರಿಗಿಂತ ಮುಂದಿದ್ದ ಈ ಸ್ಟುಡಿಯೊ ಎರಡೂ ಮಾದರಿಗಳಲ್ಲಿ ಚಿತ್ರ ಬಿಡುತ್ತಿತ್ತು. ಡಿವಿಡಿ ಮಾರಾಟ ಇಳಿಯತೊಡಗಿದ್ದನ್ನೂ, ಗ್ರಾಹಕರ ಗೊಂದಲದಿಂದ ಹೊಸ ಡಿಸ್ಕ್ ಆ ಜಾಗವನ್ನು ತುಂಬದಿರುವುದನ್ನೂ ನೋಡಿ, 2008ರ ಜನವರಿ 4ರಂದು ಇನ್ನು ಮುಂದೆ ಬ್ಲೂ-ರೇ ಮಾತ್ರವೆಂದು ಅದು ಘೋಷಿಸಿತು. ಆ ವಾರ ಲಾಸ್ ವೇಗಸ್‌ನ ಎಲೆಕ್ಟ್ರಾನಿಕ್ ವಸ್ತುಪ್ರದರ್ಶನದಲ್ಲಿ ನಡೆಯಬೇಕಿದ್ದ ಎಚ್‌ಡಿ ಡಿವಿಡಿ ಗುಂಪಿನ ಪತ್ರಿಕಾಗೋಷ್ಠಿ ರದ್ದಾಯಿತು. ಫೆಬ್ರವರಿಯಲ್ಲಿ ಆಗ ಡಿಸ್ಕ್‌ಗಳನ್ನು ಬಾಡಿಗೆಗೆ ಕೊಡುತ್ತಿದ್ದ ನೆಟ್‌ಫ್ಲಿಕ್ಸ್, ಅಂಗಡಿ ಸರಣಿಗಳಾದ ಬೆಸ್ಟ್ ಬೈ, ವಾಲ್‌ಮಾರ್ಟ್ ಎಚ್‌ಡಿ ಡಿವಿಡಿಯನ್ನು ಸಾಲಾಗಿ ಕೈಬಿಟ್ಟವು; 19ರಂದು ತೋಷಿಬಾದ ಅಧ್ಯಕ್ಷ ಅತ್ಸುತೋಶಿ ನಿಶಿದಾ ವ್ಯವಹಾರವನ್ನು ನಿಲ್ಲಿಸುವುದಾಗಿ ಪ್ರಕಟಿಸಿದರು. ಒಂದೂವರೆ ತಿಂಗಳಲ್ಲಿ ಎಲ್ಲ ಮುಗಿಯಿತು. ಈ ಅವಧಿಯಲ್ಲಿ ಡಿಸ್ಕ್‌ನ ಒಂದು ಗುಣವೂ ಬದಲಾಗಿರಲಿಲ್ಲ.

ಹಾಗಾದರೆ ಬ್ಲೂ-ರೇ ಗೆದ್ದಿತೆ? ಗೆದ್ದದ್ದು ಹೌದು, ಆದರೆ ಗೆದ್ದು ಪಡೆದ ರಾಜ್ಯ ಚಿಕ್ಕದು. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎಂಬಂತೆ, ಎರಡೂ ಗುಂಪುಗಳ ನಿಜವಾದ ಎದುರಾಳಿ ಮನೆಮನೆಯಲ್ಲಿ ಆಗಲೇ ಕುಳಿತಿದ್ದ ಡಿವಿಡಿ. ಕ್ಯಾಸೆಟ್ಟಿನಿಂದ ಡಿವಿಡಿಗೆ ಬಂದವನಿಗೆ ಸುಖ ಹತ್ತು ಕಡೆ ಕಾಣುತ್ತಿತ್ತು: ಹಿಂದಕ್ಕೆ ಸುತ್ತಬೇಕಿಲ್ಲ, ಟೇಪು ಸವೆಯುವುದಿಲ್ಲ, ಬೇಕಾದ ದೃಶ್ಯಕ್ಕೆ ನೇರ ಹೋಗಬಹುದು, ಅಡಿಬರಹ ಆರಿಸಿಕೊಳ್ಳಬಹುದು. ಡಿವಿಡಿಯಿಂದ ನೀಲಿ ಲೇಸರಿನ ಡಿಸ್ಕ್‌ಗೆ ಬಂದವನಿಗೆ ಸಿಕ್ಕ ಹೆಚ್ಚಿನದು ಮುಖ್ಯವಾಗಿ ಚಿತ್ರ ಮತ್ತು ಧ್ವನಿಯ ಸೂಕ್ಷ್ಮತೆ. ಅದೂ ಎಲ್ಲ ಮನೆಗಳಲ್ಲಿ ಕಾಣುವಂಥದ್ದಲ್ಲ. ಲೆಕ್ಕ ಹಾಕಿ ನೋಡಿ: 32 ಇಂಚಿನ ಟಿವಿಯ ಪರದೆಯ ಎತ್ತರ ಸುಮಾರು 40 ಸೆಂಟಿಮೀಟರ್. ಸಾಮಾನ್ಯ ಕಣ್ಣು ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗದಷ್ಟು ಅಂತರವನ್ನು ಬೇರೆಯಾಗಿ ಕಾಣಬಲ್ಲದು, ಅಂದರೆ ಹತ್ತು ಅಡಿ ದೂರದಿಂದ ಹತ್ತಿರಹತ್ತಿರ 0.9 ಮಿಲಿಮೀಟರ್. ಆ ಎತ್ತರದಲ್ಲಿ ಅಂಥ ಗೆರೆಗಳು 450ರ ಸುಮಾರು ಹಿಡಿಸುತ್ತವೆ. ಅಮೆರಿಕದ ಡಿವಿಡಿಯಲ್ಲಿ 480 ಗೆರೆಗಳಿದ್ದವು. ಹತ್ತು ಅಡಿ ದೂರದ ಸೋಫಾದಲ್ಲಿ ಕುಳಿತವನಿಗೆ 1080 ಗೆರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ವ್ಯರ್ಥ. ‘ನನಗೇನೂ ವ್ಯತ್ಯಾಸ ಕಾಣುತ್ತಿಲ್ಲವಲ್ಲ’ ಎಂದ ಅತ್ತೆ-ಮಾವಂದಿರನ್ನು ನೋಡಿ ನಕ್ಕ ತಂತ್ರಜ್ಞರಲ್ಲಿ ನಾನೂ ಒಬ್ಬ. ಅವರ ಕಣ್ಣು ಸರಿಯಾಗಿಯೇ ಇತ್ತು.

ಇಂಥದು ಮೊದಲ ಸಲವೂ ಅಲ್ಲ. ಡಿಸ್ಕ್‌ಗಳ ಮೊದಲ ಜಗಳ ನಡೆದದ್ದು ಇದಕ್ಕೂ ಕಾಲು ಶತಮಾನ ಹಿಂದೆ. 1978ರ ಕೊನೆಯಲ್ಲಿ ಲೇಸರ್‌ಡಿಸ್ಕ್ ಅಮೆರಿಕದ ಅಟ್ಲಾಂಟಾದಲ್ಲಿ ಮಾರಾಟಕ್ಕೆ ಬಂತು. ಅದಕ್ಕೆ ಎದುರಾಗಿ ಆರ್‌ಸಿಎ ಕಂಪನಿ 1981ರ ಮಾರ್ಚ್‌ನಲ್ಲಿ ಗ್ರಾಮಫೋನ್ ತಟ್ಟೆಯಂತೆ ಗೀರುಗಳ ಮೇಲೆ ಮುಳ್ಳು ಓಡುವ, ಸಿಇಡಿ ಎಂಬ ಚಿತ್ರದ ತಟ್ಟೆಯನ್ನು ತಂದಿತು. ಒಂದು ಬದಿಗೆ ಒಂದು ಗಂಟೆ. ಲೇಸರ್ ಬೇಡದ ಕಾರಣ ಅಗ್ಗ, ಅಗ್ಗವಾದ್ದರಿಂದ ಜನಸಾಮಾನ್ಯರದು ಎಂಬುದು ಆರ್‌ಸಿಎಯ ವಾದ. ಎರಡೂ ಕಡೆಯವರು ಪರಸ್ಪರ ದಿಟ್ಟಿಸುತ್ತಿದ್ದಾಗ ಜನ ವಿಸಿಆರ್ ಕೊಳ್ಳುತ್ತಿದ್ದರು. ಕ್ಯಾಸೆಟ್ಟಿನ ಚಿತ್ರ ಎರಡಕ್ಕಿಂತಲೂ ಕೀಳಾಗಿತ್ತು. ಆದರೆ ಅದರಲ್ಲಿ ಟಿವಿ ಕಾರ್ಯಕ್ರಮವನ್ನು ಮುದ್ರಿಸಿಕೊಳ್ಳಬಹುದಿತ್ತು, ಬಾಡಿಗೆಗೆ ತರಬಹುದಿತ್ತು. 1984ರಲ್ಲಿ ಆರ್‌ಸಿಎ ಸುಮಾರು 58 ಕೋಟಿ ಡಾಲರ್ ನಷ್ಟದೊಂದಿಗೆ ಕೈತೊಳೆದುಕೊಂಡಿತು. ಲೇಸರ್‌ಡಿಸ್ಕ್ ಚಿತ್ರರಸಿಕರ ಸಣ್ಣ ವಲಯದಲ್ಲಿ ಬಹುಕಾಲ ಬದುಕಿತು.

ನೀವು ಎತ್ತಿದ ಬೀಟಾಮ್ಯಾಕ್ಸ್ ಮಾತಿಗೂ ಇಲ್ಲಿಯೇ ಉತ್ತರವಿದೆ. ‘ಒಳ್ಳೆಯದು ಸೋತಿತು’ ಎಂಬುದು ಅರ್ಧ ಸತ್ಯ. 1975ರಲ್ಲಿ ಸೋನಿ ತಂದ ಬೀಟಾಮ್ಯಾಕ್ಸ್ ಕ್ಯಾಸೆಟ್ಟಿನಲ್ಲಿ ಒಂದು ಗಂಟೆ ಹಿಡಿಸುತ್ತಿತ್ತು. ಮರುವರ್ಷ ಜೆವಿಸಿ ತಂದ ವಿಎಚ್‌ಎಸ್‌ನಲ್ಲಿ ಎರಡು ಗಂಟೆ. ಚಿತ್ರದ ಅಲ್ಪ ವ್ಯತ್ಯಾಸಕ್ಕಿಂತ, ಸಿನಿಮಾ ಅರ್ಧಕ್ಕೆ ನಿಲ್ಲುವುದೇ ಮನೆಯವರಿಗೆ ದೊಡ್ಡ ಸಂಗತಿ. ಒಳ್ಳೆಯದು ಯಾವುದು ಎಂಬುದನ್ನು ಪ್ರಯೋಗಾಲಯದ ಅಳತೆಯಿಂದ ಅಳೆದವರಿಗೆ ಮಾತ್ರ ಅಲ್ಲಿ ಅನ್ಯಾಯ ಕಾಣುತ್ತದೆ.

ಈ ಜಗಳವನ್ನು ತಪ್ಪಿಸಬಹುದಿತ್ತೆ ಎಂದರೆ, ಡಿವಿಡಿ ಹುಟ್ಟಿದ್ದೇ ಹಾಗೆ ತಪ್ಪಿಸಿದ್ದರಿಂದ. 1995ರಲ್ಲಿ ಒಂದು ಕಡೆ ತೋಷಿಬಾ-ಟೈಮ್ ವಾರ್ನರ್, ಇನ್ನೊಂದು ಕಡೆ ಸೋನಿ-ಫಿಲಿಪ್ಸ್ ಬೇರೆ ಬೇರೆ ಡಿಸ್ಕ್ ಹಿಡಿದು ನಿಂತಿದ್ದಾಗ, ಐಬಿಎಂ ಮೊದಲಾದ ಕಂಪ್ಯೂಟರ್ ಕಂಪನಿಗಳು ಎರಡರಲ್ಲಿ ಯಾವುದನ್ನೂ ಮುಟ್ಟುವುದಿಲ್ಲ, ಒಂದಾಗಿ ಬನ್ನಿ ಎಂದು ಪಟ್ಟು ಹಿಡಿದವು. ಎರಡು ಹಾಳೆ ಅಂಟಿಸುವ ಕ್ರಮ ತೋಷಿಬಾದ್ದು, ಸಂಕೇತ ಬರೆಯುವ ಕ್ರಮ ಸೋನಿ-ಫಿಲಿಪ್ಸ್‌ನದು ಎಂದು ಒಪ್ಪಂದವಾಯಿತು. ಎಚ್‌ಡಿ ಡಿವಿಡಿ ಮತ್ತು ಬ್ಲೂ-ರೇಯನ್ನು ಒಂದಾಗಿಸಲು ನಡೆದ 2005ರ ಮಾತುಕತೆ ಮಾತ್ರ ಮುರಿದುಬಿತ್ತು. 0.1 ಮತ್ತು 0.6 ಮಿಲಿಮೀಟರಿನ ನಡುವೆ ಹಂಚಿಕೊಳ್ಳುವಂಥದ್ದೇನೂ ಇರಲಿಲ್ಲ. ಹತ್ತು ವರ್ಷದ ಹಿಂದೆ ಗದರಿಸಿದ್ದ ಕಂಪ್ಯೂಟರ್ ಕಂಪನಿಗಳೂ ಈ ಸಲ ಹೋಳಾಗಿ, ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಎಚ್‌ಡಿ ಡಿವಿಡಿ ಕಡೆ, ಡೆಲ್ ಮತ್ತು ಆ್ಯಪಲ್ ಬ್ಲೂ-ರೇ ಕಡೆ ನಿಂತವು.

ನಮ್ಮ ಕಡೆ ಈ ಜಗಳದ ಸದ್ದು ಅಷ್ಟಾಗಿ ಕೇಳಲಿಲ್ಲ, ಏಕೆಂದರೆ ನಾವು ಇನ್ನೊಂದು ದಾರಿಯಲ್ಲಿದ್ದೆವು. ಟಿವಿ, ವಿಸಿಪಿ, ಮೂರು ಕ್ಯಾಸೆಟ್ಟುಗಳನ್ನು ಒಂದು ರಾತ್ರಿಗೆ ಬಾಡಿಗೆ ತಂದು ಬೀದಿಯವರೆಲ್ಲ ಬೆಳಗಿನವರೆಗೆ ನೋಡಿದವರು ನಾವು. ನಾನು ರಿಪೇರಿ ಕಲಿತ ದಿನಗಳಲ್ಲಿ ಮಳೆಗಾಲ ಬಂತೆಂದರೆ, ಬೂಷ್ಟು ಹಿಡಿದ ಕ್ಯಾಸೆಟ್ಟು ಓಡಿಸಿ ಹೆಡ್ ಕೆಡಿಸಿಕೊಂಡ ಯಂತ್ರಗಳು ಸಾಲುಗಟ್ಟುತ್ತಿದ್ದವು. ಆದ್ದರಿಂದ 1993ರಲ್ಲಿ ರೂಪುಗೊಂಡ ವಿಸಿಡಿ ಇಲ್ಲಿಗೆ ಬಂದಾಗ, ಅದರ ಚಿತ್ರ ಬರೀ 352×288 ಚುಕ್ಕಿಗಳದಾಗಿದ್ದರೂ, ಒಂದು ಸಿನಿಮಾಕ್ಕೆ ಎರಡು-ಮೂರು ಡಿಸ್ಕ್ ಬದಲಿಸಬೇಕಾಗಿದ್ದರೂ, ಜನ ಕೈಚಾಚಿ ತೆಗೆದುಕೊಂಡರು. ಅದಕ್ಕೆ ಬೂಷ್ಟಿನ ಕಾಟ ಕಡಿಮೆ, ಪ್ಲೇಯರ್ ಅಗ್ಗ, ನಕಲು ತೆಗೆಯಲು ಬೀಗವಿಲ್ಲ. ಅಮೆರಿಕದಲ್ಲಿ ಅದೇ ವಿಸಿಡಿ ನೆಲೆ ಕಾಣಲೇ ಇಲ್ಲ. ಎಚ್‌ಡಿ ಡಿವಿಡಿ ಮತ್ತು ಬ್ಲೂ-ರೇ ಅಲ್ಲಿ ಹೊಡೆದಾಡುತ್ತಿದ್ದ 2007ರ ಹೊತ್ತಿಗೆ ಇಲ್ಲಿ ಮೋಸರ್ ಬೇಯರ್ ಕಂಪನಿ ಚಿತ್ರದ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ತೊಡಗಿತ್ತು. ಆ ಬೆಲೆಯ ಎದುರು ಬ್ಲೂ-ರೇ ಡಿಸ್ಕ್‌ಗೆ ಇಲ್ಲಿ ಎಷ್ಟು ಗಿರಾಕಿಗಳು ಸಿಕ್ಕಾರು? ಡಿವಿಡಿಯಿಂದ ನಾವು ನೇರವಾಗಿ ಮೊಬೈಲಿನ ಪರದೆಗೆ ಹಾರಿದೆವು.

ಯಾವಾಗ ಕೊಳ್ಳಬೇಕೆಂಬ ನಿಮ್ಮ ಪ್ರಶ್ನೆಗೆ ಪಂಚಾಂಗದ ಮುಹೂರ್ತದಂಥ ಉತ್ತರವಿಲ್ಲ. ನಾನು ಮೊದಲು ನೋಡುವುದು, ಈ ಮಾದರಿ ನಾಳೆ ಸತ್ತರೂ ಪೆಟ್ಟಿಗೆ ಬೇರೆ ಕೆಲಸಕ್ಕೆ ಬರುತ್ತದೆಯೆ ಎಂಬುದನ್ನು. ಪ್ಲೇಸ್ಟೇಷನ್ ಕೊಂಡವನಿಗೆ ಇದ್ದ ರಕ್ಷೆ ಅದು. ಆಮೇಲೆ, ನನ್ನಲ್ಲಿ ಈಗಾಗಲೇ ಇರುವ ಸಂಗ್ರಹ ಅದರಲ್ಲಿ ಓಡುತ್ತದೆಯೆ, ಮತ್ತು ಅದಕ್ಕೆ ಬೇಕಾದ ಸರಕನ್ನು ಒಬ್ಬನೇ ಒದಗಿಸುತ್ತಾನೋ ಎಲ್ಲರೂ ಒದಗಿಸುತ್ತಾರೋ ಎಂಬುದನ್ನು. ಎದುರಾಳಿಗಳಿಬ್ಬರೂ ಕಣದಲ್ಲಿರುವಾಗ ಬೆಲೆ ದಿಢೀರನೆ ಅರ್ಧಕ್ಕಿಳಿದರೆ ನಾನು ಹಿಂದೆ ಸರಿಯುತ್ತೇನೆ, ಮುಂದೆ ಬರುವುದಿಲ್ಲ. ಹೀಗಿದ್ದೂ, ಕಳೆದುಕೊಂಡರೆ ಬೇಸರವಾಗದಷ್ಟು ಹಣವಾಗಿದ್ದರೆ ಆಸೆಪಟ್ಟು ಮೊದಲೇ ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಮೂವತ್ತೈದು ಚಿತ್ರಗಳನ್ನು ಆ ಕಾಲದ ಅತ್ಯುತ್ತಮ ಗುಣಮಟ್ಟದಲ್ಲಿ ನೂರು ಡಾಲರಿನ ಪೆಟ್ಟಿಗೆಯಲ್ಲಿ ನೋಡಿದ ನಿಮ್ಮ ಭಾವನವರು ಮೋಸಹೋದರೆಂದು ನನಗೆ ಅನಿಸುವುದಿಲ್ಲ.

ಈಗ ಅಟ್ಟದ ಮೇಲಿನ ಸರಕಿಗೆ ಬರೋಣ. ಅಮೆರಿಕದಲ್ಲಿ ಕೊಂಡ ಆ ಪ್ಲೇಯರ್ 120 ವೋಲ್ಟಿನದು. ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರವಾಗಿ ಚುಚ್ಚಬೇಡಿ, ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಎಚ್‌ಡಿಎಂಐ ಕೇಬಲಿನಿಂದ ಇಂದಿನ ಟಿವಿಗೆ ಸೇರಿಸಬಹುದು. ಎಚ್‌ಡಿ ಡಿವಿಡಿಗೆ ವಲಯದ ಬೀಗವಿಲ್ಲದ್ದರಿಂದ ಡಿಸ್ಕ್‌ಗಳು ಇಲ್ಲಿಯೂ ಓಡಬೇಕು. ಸಾಮಾನ್ಯ ಡಿವಿಡಿಯ ಮಟ್ಟಿಗೆ ಮಾತ್ರ ಆ ಪ್ಲೇಯರ್ ಒಂದನೆಯ ವಲಯಕ್ಕೆ ಕಟ್ಟುಬಿದ್ದದ್ದು, ಭಾರತ ಐದನೆಯ ವಲಯ. ಹೊದಿಕೆಯ ಮೇಲೆ ಎಲ್ಲ ವಲಯಕ್ಕೂ ಎಂದು ನಮೂದಾಗಿರುವ ನಮ್ಮ ಡಿವಿಡಿಗಳನ್ನು ಹಾಕಿ ನೋಡಿ. ಡಿಸ್ಕ್‌ಗಳನ್ನು ಒಂದೊಂದಾಗಿ ಹೊರತೆಗೆದು ಬೆಳಕಿಗೆ ಹಿಡಿಯಿರಿ. ಎರಡೂ ಬದಿ ಹೊಳೆಯುತ್ತಿದ್ದು, ನಡುವಿನ ಉಂಗುರದ ಸುತ್ತ ಮಾತ್ರ ಸಣ್ಣ ಅಕ್ಷರಗಳಿದ್ದರೆ ಅದು ಜೋಡಿ ಡಿಸ್ಕ್: ಒಂದು ಬದಿ ಎಚ್‌ಡಿ ಡಿವಿಡಿ, ಮಗುಚಿದರೆ ಸಾಮಾನ್ಯ ಡಿವಿಡಿ. ಅಂಚಿನಿಂದ ಒಳಕ್ಕೆ ಮಬ್ಬು ಅಥವಾ ಕಂಚಿನ ಬಣ್ಣ ಹರಡಿದ್ದರೆ ಅಂಟು ಬಿಟ್ಟು ಒಳಗಿನ ಲೋಹದ ಪದರ ಕೆಡುತ್ತಿದೆ ಎಂದರ್ಥ, ಅದಕ್ಕೆ ರಿಪೇರಿಯಿಲ್ಲ. ಹಾಗಾಗಿ ಮೊದಲು ನೋಡಬೇಕೆನಿಸುವ ಚಿತ್ರಗಳನ್ನು ಈ ವರ್ಷವೇ ನೋಡಿ ಮುಗಿಸಿ, ಉಳಿದವನ್ನು ಹೆಂಚಿನ ಕೆಳಗಿನ ಅಟ್ಟದ ಬಿಸಿಯಿಂದ ಇಳಿಸಿ ಒಣಗಿದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ ಇಡಿ.